ಆರು ಶನಿವಾರಗಳ ಲೆಕ್ಕ: ಹೊಸ ಕೆಲಸದ ವರ್ಷದಲ್ಲಿ ಪೂರ್ಣ ದೂರದ ಟ್ರಯಥ್ಲಾನ್

ಹೊಸ ಕೆಲಸಕ್ಕೆ ಸೇರಿದ ವರ್ಷವೇ ಪೂರ್ಣ ದೂರದ ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ಸ್ಪರ್ಧೆಗೆ) ಹೆಸರು ಕೊಡಬಹುದಾ ಎಂದು ಕೇಳುವವರಿಗೆ ಎರಡು ಸಿದ್ಧ ಉತ್ತರ ಸಿಗುತ್ತವೆ. "ಮನಸ್ಸಿದ್ದರೆ ಮಾರ್ಗ" ಅನ್ನೋದು ಒಂದು. "ಸುಮ್ನೆ ಯಾಕೆ ತಲೆನೋವು, ಮುಂದಿನ ವರ್ಷ ನೋಡಿದರಾಯ್ತು ಬಿಡಿ" ಅನ್ನೋದು ಇನ್ನೊಂದು. ಎರಡೂ ಕೇಳಿದವರ ಕ್ಯಾಲೆಂಡರ್ ನೋಡದೆ ಕೊಡುವ ಉತ್ತರಗಳು. ಕ್ಯಾಲೆಂಡರ್ ಬಿಡಿಸಿಕೊಂಡು ಕೂತ ಒಬ್ಬರ ಪ್ರಕರಣ ಇಲ್ಲಿದೆ. ಅವರ ತರಬೇತಿ ನೋಡಿಕೊಂಡವನು ನಾನು. ಬರೆಯಲು ಅವರ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಎಂದಿದ್ದಾರೆ.

ವಯಸ್ಸು 39. ಫೆಬ್ರವರಿಯಲ್ಲಿ ಹೊಸ ಕಂಪನಿಯೊಂದಕ್ಕೆ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆಯಾಗಿ ಸೇರಿದರು. ಆರು ತಿಂಗಳ ಪ್ರೊಬೇಷನ್. ವಾರಕ್ಕೆ ಐವತ್ತು ಗಂಟೆ ಅನ್ನೋದು ಕಾಗದದ ಮೇಲಿನ ಮಾತು, ನಡೆಯುವುದು ಇನ್ನೂ ಜಾಸ್ತಿ. ಬೇರೆ ಬೇರೆ ದೇಶದ ಕಚೇರಿಗಳ ಜೊತೆ ರಾತ್ರಿ ಕರೆಗಳು. ಅದಕ್ಕೆ ಮುಂಚೆ ಅವರು ಅರ್ಧ ದೂರದ ಟ್ರಯಥ್ಲಾನ್‌ಗಳನ್ನು ಮುಗಿಸಿದ್ದರು, ಮ್ಯಾರಥಾನ್ ಓಡಿದ್ದರು. ಪೂರ್ಣ ದೂರ ಬಾಕಿ ಇತ್ತು. ನಲವತ್ತು ತುಂಬುವ ಮೊದಲು ಒಂದು ಸಲ ಅನ್ನೋ ಆಸೆ. ಇಂಥ ಗಡುವುಗಳ ಬಗ್ಗೆ ನನಗೆ ವಿಶೇಷ ಗೌರವವೇನೂ ಇಲ್ಲ. ಆದರೆ ಆಸೆ ಇದ್ದವರಿಗೇ ಅಲ್ವಾ ಬೆಳಿಗ್ಗೆ ಐದಕ್ಕೆ ಎಚ್ಚರ ಆಗೋದು.

ಪೂರ್ಣ ದೂರ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ 42.2 ಕಿ.ಮೀ. ಓಟ. ಅರ್ಧ ದೂರದಲ್ಲಿ ಇದೆಲ್ಲ ಸರಿಯಾಗಿ ಅರ್ಧ. 1978ರ ಫೆಬ್ರವರಿಯಲ್ಲಿ ಹವಾಯಿಯ ಓವಾಹು ದ್ವೀಪದಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಅಲ್ಲಿ ಆಗಲೇ ಇದ್ದ ಮೂರು ಸ್ಪರ್ಧೆಗಳ ದೂರವನ್ನು ಒಂದಕ್ಕೊಂದು ಪೋಣಿಸಿ ಇದನ್ನು ಶುರು ಮಾಡಿದರು. 15 ಜನ ಹೊರಟರು, 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್‌ಗೆ ಹಿಡಿದದ್ದು 11 ಗಂಟೆ 46 ನಿಮಿಷ. ಕಾಲಿನ್ಸ್ ಸ್ವತಃ 17 ಗಂಟೆಯ ಆಸುಪಾಸಿನಲ್ಲಿ ಮುಗಿಸಿದರು. ಇವತ್ತು ಹೆಚ್ಚಿನ ಪೂರ್ಣ ದೂರದ ಸ್ಪರ್ಧೆಗಳಲ್ಲಿ ಕಟ್‌ಆಫ್, ಅಂದರೆ ಮುಗಿಸಲು ಕೊಡುವ ಗರಿಷ್ಠ ಸಮಯ ಕೂಡ ಸುಮಾರು ಅಷ್ಟೇ ಇರುತ್ತದೆ. ಈಜಿಗೆ 2 ಗಂಟೆ 20 ನಿಮಿಷ ಅನ್ನೋದು ಸಾಮಾನ್ಯ ಮಿತಿ.

ನಮ್ಮ ಪ್ರಕರಣದವರಿಗೆ ನಾನು ಅಂದಾಜು ಮಾಡಿದ್ದು ಹದಿಮೂರೂವರೆ ಗಂಟೆ. ಈಜಿಗೆ ಒಂದೂವರೆ ಗಂಟೆಯೊಳಗೆ, ಸೈಕಲ್ ಆರೂಮುಕ್ಕಾಲು, ಓಟಕ್ಕೆ ಐದರ ಮೇಲೆ ಸ್ವಲ್ಪ, ಬಟ್ಟೆ ಬದಲಿಸುವ ಜಾಗದಲ್ಲಿ ಒಂದಷ್ಟು. ಅಂದರೆ ದಿನದ ಅರ್ಧ ಭಾಗ ಸೈಕಲ್ ಮೇಲೆ. ಮುಂದಿನ ಎಲ್ಲ ತೀರ್ಮಾನಗಳಿಗೂ ಈ ಒಂದು ಸಂಗತಿಯೇ ಆಧಾರ. ಐದು ಗಂಟೆಯ ಸೈಕಲ್ ಸವಾರಿಯನ್ನು ವಾರದ ನಡುವೆ ಎಲ್ಲೂ ತುರುಕಲು ಬರುವುದಿಲ್ಲ. ಈಜು ಮುಕ್ಕಾಲು ಗಂಟೆಗೆ ಇಳಿಯುತ್ತದೆ, ಓಟವನ್ನು ಎರಡು ತುಂಡು ಮಾಡಬಹುದು, ಉದ್ದದ ಸವಾರಿಗೆ ಮಾತ್ರ ಒಂದು ಇಡೀ ಬೆಳಿಗ್ಗೆ ಬೇಕೇ ಬೇಕು. ಕೆಲಸಕ್ಕೆ ಹೋಗುವವರಿಗೆ ಅದು ಶನಿವಾರ ಅಥವಾ ಭಾನುವಾರ.

ಹಾಗಾಗಿ ಅವರ ಮುಂದೆ ನಾನಿಟ್ಟ ಮೊದಲ ಪ್ರಶ್ನೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಎಂಬುದಾಗಿರಲಿಲ್ಲ. ಸ್ಪರ್ಧೆಗೆ ಮೂರು ವಾರ ಇರುವಾಗ ತರಬೇತಿ ಇಳಿಸುತ್ತಾ ಬರಬೇಕು. ಅದಕ್ಕೆ ಟೇಪರ್ ಅನ್ನುತ್ತಾರೆ. ಅದರ ಹಿಂದಿನ ಏಳು ವಾರಗಳಲ್ಲಿ ಎಷ್ಟು ಶನಿವಾರ ನಿಜವಾಗಿಯೂ ನಿಮ್ಮ ಕೈಯಲ್ಲಿವೆ? ಏಳರಲ್ಲಿ ಒಂದು ಹೇಗೂ ವಿಶ್ರಾಂತಿಗೆ ಹೋಗುತ್ತದೆ. ಉಳಿದ ಆರು ಸಿಗುತ್ತವಾ?

ಕೆಲಸದ ಕ್ಯಾಲೆಂಡರ್

ಲೆಕ್ಕಪತ್ರದ ಕೆಲಸದಲ್ಲಿ ಒಂದು ಅನುಕೂಲ ಇದೆ. ಕಷ್ಟ ಯಾವಾಗ ಬರುತ್ತದೆ ಅನ್ನೋದು ವರ್ಷಕ್ಕೆ ಮುಂಚೆಯೇ ಗೊತ್ತು. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಗೆ ತ್ರೈಮಾಸಿಕ ಮುಗಿಯುತ್ತದೆ. ಅದರ ಮುಂದಿನ ಎರಡು ವಾರ ಕ್ಲೋಸಿಂಗ್, ಅಂದರೆ ಆ ಮೂರು ತಿಂಗಳ ಲೆಕ್ಕ ಮುಗಿಸಿ ಕೊಡುವ ಕೆಲಸ. ಆ ದಿನಗಳಲ್ಲಿ ಶನಿವಾರ, ಭಾನುವಾರ ಅನ್ನೋ ಭೇದ ಇಲ್ಲ. ಅವರ ಕಂಪನಿಯ ಹಣಕಾಸು ವರ್ಷ ಡಿಸೆಂಬರ್‌ಗೆ ಮುಗಿಯುವುದರಿಂದ ಫೆಬ್ರವರಿ, ಮಾರ್ಚ್ ಪೂರ್ತಿ ಆಡಿಟ್. ಅಂದರೆ ಸೇರಿದ್ದೇ ಬೆಂಕಿಗೆ.

ಆಸ್ಪತ್ರೆಯ ತುರ್ತು ವಿಭಾಗದವರಿಗೋ, ಸಾಫ್ಟ್‌ವೇರ್‌ನಲ್ಲಿ ಆನ್‌ಕಾಲ್ ಮೇಲೆ ಇರುವವರಿಗೋ ಈ ಅನುಕೂಲ ಇರುವುದಿಲ್ಲ. ಅರವತ್ತು ಗಂಟೆಯ ಕೆಲಸ ಯಾವ ವಾರ ಬರುತ್ತದೆಂದು ಗೊತ್ತಿದ್ದರೆ ಅದರ ಸುತ್ತ ಯೋಜನೆ ಹಾಕಬಹುದು. ನಲವತ್ತೈದೇ ಗಂಟೆಯ ಕೆಲಸವಾದರೂ ಯಾವ ಕ್ಷಣದಲ್ಲಿ ಫೋನ್ ಹೊಡೆದುಕೊಳ್ಳುತ್ತದೋ ಗೊತ್ತಿಲ್ಲ ಅಂದರೆ ಪೂರ್ಣ ದೂರದ ತಯಾರಿ ಕಷ್ಟ. ಗಂಟೆಗಳಿಗಿಂತ ಈ ಅನಿಶ್ಚಿತತೆಯೇ ಹೆಚ್ಚು ಜನರನ್ನು ಅರ್ಧದಲ್ಲಿ ಬಿಡಿಸಿದ್ದನ್ನು ನೋಡಿದ್ದೇನೆ.

ಅವರು ಒಂದು ಎಕ್ಸೆಲ್ ಹಾಳೆ ಮಾಡಿದರು. ಲೆಕ್ಕದವರು ತಾನೇ. ಒಂದೊಂದು ಸಾಲು ಒಂದೊಂದು ವಾರ. ಕ್ಲೋಸಿಂಗ್ ವಾರಗಳಿಗೆ ಕೆಂಪು, ತ್ರೈಮಾಸಿಕದ ಕೊನೆಯ ವಾರಕ್ಕೆ ಕಿತ್ತಳೆ, ಗಂಡ ಊರಲ್ಲಿ ಇಲ್ಲದ ವಾರಾಂತ್ಯಗಳಿಗೆ ಬೂದು. ಮಗಳ ಹುಟ್ಟುಹಬ್ಬದ ಶನಿವಾರಕ್ಕೂ ಒಂದು ಬಣ್ಣ. ಪಕ್ಕದ ಕಾಲಂನಲ್ಲಿ ಸ್ಪರ್ಧೆಗಳನ್ನು ಅವುಗಳ ವಾರಕ್ಕೆ ಹಾಕಿ, ಅಲ್ಲಿಂದ ಹತ್ತು ವಾರ ಹಿಂದಕ್ಕೆ ಎಣಿಸಿದೆವು.

ಮೊದಲು ಬಿದ್ದು ಹೋಗಿದ್ದು ಸ್ಪೇನಿನ ಲಾಂಜರೋಟೆ ದ್ವೀಪದ ಸ್ಪರ್ಧೆ. ಅದು ಮೇ ತಿಂಗಳಿನದು. ಉದ್ದದ ಸವಾರಿಗಳ ಹೊತ್ತಿಗೆ ಸರಿಯಾಗಿ ಆಡಿಟ್ ಮತ್ತು ಏಪ್ರಿಲ್ ಕ್ಲೋಸಿಂಗ್. ಮೇಲಾಗಿ ಅಲ್ಲಿನ ಸೈಕಲ್ ದಾರಿಯಲ್ಲಿ ಸುಮಾರು 2,500 ಮೀಟರ್ ಏರು ಇದೆ, ಗಾಳಿಯೂ ಬಿಡುವುದಿಲ್ಲ. ಆಸ್ಟ್ರಿಯಾದ ಕ್ಲಾಗನ್‌ಫರ್ಟ್ ಜೂನ್ ಮಧ್ಯದಲ್ಲಿ. ಅದರ ಆರು ಶನಿವಾರಗಳು ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ ಸ್ವಚ್ಛವಾಗಿ ಸಿಗುತ್ತಿದ್ದವು. ಹಾಳೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಂಡಿದ್ದು ಅದೇ. ಆದರೆ ಆ ಆರು ಶನಿವಾರಕ್ಕೆ ಮೊದಲು ಎರಡು ಮೂರು ತಿಂಗಳ ಬುನಾದಿ ಬೇಕು. ಅದು ಬೀಳುವುದು ಹೊಸ ಕುರ್ಚಿಯಲ್ಲಿ ಕೂತ ಮೊದಲ ವಾರಗಳಲ್ಲಿ. ಅವರಿಗೆ ಆಗಿನ್ನೂ ತಂಡದವರ ಹೆಸರೇ ನಾಲಿಗೆಗೆ ಕೂತಿರಲಿಲ್ಲ. ಬೇಡ ಅಂದೆ.

ಜರ್ಮನಿಯ ರೋಥ್ ಅವರ ಕನಸಿನ ಸ್ಪರ್ಧೆ. ಸೋಲಾರ್ ಬೆಟ್ಟದ ತಿರುವಿನಲ್ಲಿ ಜನ ರಸ್ತೆಯನ್ನೇ ಮುಚ್ಚಿಕೊಂಡು ನಿಂತು, ಸೈಕಲ್‌ಗೆ ಒಂದು ಸೀಳು ದಾರಿ ಬಿಡುತ್ತಾರೆ. ಅಲ್ಲಿ ಸ್ಥಾನ ಸಿಗುವುದೇ ದುರ್ಲಭ, ನೋಂದಣಿ ತೆರೆದ ಸ್ವಲ್ಪ ಹೊತ್ತಿಗೆಲ್ಲ ಮುಗಿದು ಹೋಗುತ್ತದೆ. ಅದನ್ನು ಪಕ್ಕಕ್ಕಿಟ್ಟರೂ ಸ್ಪರ್ಧೆ ನಡೆಯುವುದು ಜೂನ್ ಕೊನೆ ಅಥವಾ ಜುಲೈ ಮೊದಲಲ್ಲಿ. ತ್ರೈಮಾಸಿಕ ಮುಗಿಯುವ ಅದೇ ವಾರ. ಲೆಕ್ಕಪತ್ರದ ಮುಖ್ಯಸ್ಥೆ ಅವತ್ತು ರಜೆ ಕೇಳುವುದು ಅಂದರೆ ರಾಜೀನಾಮೆ ಪತ್ರವನ್ನೂ ಜೊತೆಗಿಟ್ಟಂತೆ. ಸ್ವೀಡನ್ನಿನ ಕಾಲ್ಮಾರ್ ಆಗಸ್ಟ್ ಮಧ್ಯದಲ್ಲಿ, ಸಪಾಟು ದಾರಿ, ಚೆಂದದ ಸ್ಪರ್ಧೆ. ಅದರ ಏಳು ವಾರಗಳ ಕೊನೆಯ ಭಾಗವನ್ನು ಜುಲೈ ಕ್ಲೋಸಿಂಗ್ ನುಂಗುತ್ತಿತ್ತು. ಅತಿ ಉದ್ದದ ಸವಾರಿಗಳು ಬರುವುದೇ ಅಲ್ಲಿ. ಆಸ್ಟ್ರೇಲಿಯಾದ ಬಸೆಲ್ಟನ್ ಡಿಸೆಂಬರ್ ಮೊದಲಲ್ಲಿ, ಅಕ್ಟೋಬರ್ ಅಡ್ಡ ಬಂತು.

ಉಳಿದದ್ದು ಸೆಪ್ಟೆಂಬರ್. ಜುಲೈ ಮಧ್ಯಕ್ಕೆ ಕ್ಲೋಸಿಂಗ್ ಮುಗಿದರೆ ಅಲ್ಲಿಂದ ಆಗಸ್ಟ್ ಕೊನೆಯವರೆಗೆ ಏಳು ಶನಿವಾರ. ಆಮೇಲೆ ಮೂರು ವಾರ ಟೇಪರ್. ಸೆಪ್ಟೆಂಬರ್ ಮೂರನೇ ವಾರದ ಸುಮಾರಿಗೆ ಸ್ಪರ್ಧೆ. ಜುಲೈ ಕ್ಲೋಸಿಂಗನ್ನೇ ಬಲವಂತದ ವಿಶ್ರಾಂತಿ ಎಂದು ಲೆಕ್ಕಕ್ಕೆ ಹಿಡಿದರೆ ನಷ್ಟವೂ ಕಡಿಮೆ. ಹಾಳೆಯಲ್ಲಿ ಎರಡು ಹೆಸರು ನಿಂತವು: ವೇಲ್ಸ್‌ನ ಟೆನ್‌ಬಿ, ಇಟಲಿಯ ಚೆರ್ವಿಯಾ. ಟೆನ್‌ಬಿ ದಾರಿ ಏರಿಳಿತದ್ದು, ಓಟದಲ್ಲೂ ಏರು ಬಿಡುವುದಿಲ್ಲ. ಚೆರ್ವಿಯಾ ಏಡ್ರಿಯಾಟಿಕ್ ದಂಡೆಯ ಸಪಾಟು ಊರು, ಸೈಕಲ್ ದಾರಿಯಲ್ಲಿ ಬರ್ತಿನೋರೊ ಕಡೆಗೆ ಒಂದು ಏರು ಬಿಟ್ಟರೆ ಉಳಿದದ್ದೆಲ್ಲ ನೆಟ್ಟಗೆ.

ಸಪಾಟು ಅಂದರೆ ಸುಲಭ ಎಂದು ಬಹಳ ಜನ ತಿಳಿಯುತ್ತಾರೆ. ಪೂರ್ತಿ ನಿಜ ಅಲ್ಲ. ಇಳಿಜಾರಿನಲ್ಲಿ ಕಾಲಿಗೆ ಸಿಗುವ ಬಿಡುವು ಸಪಾಟಿನಲ್ಲಿ ಸಿಗುವುದಿಲ್ಲ. ಆರೇಳು ಗಂಟೆ ಒಂದೇ ಭಂಗಿಯಲ್ಲಿ ಬಗ್ಗಿ ತುಳಿಯಬೇಕು. ಕತ್ತು, ಸೊಂಟ, ಕೂರುವ ಜಾಗ ಮೂರೂ ದೂರು ಕೊಡುತ್ತವೆ. ಮುಂದಿನವರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ, 12 ಮೀಟರ್ ಅಂತರದ ನಿಯಮ ಇದೆ. ಆದರೆ ಹೊಸ ಕೆಲಸದವರಿಗೆ ಸಪಾಟು ದಾರಿಯಲ್ಲಿ ಒಂದು ದೊಡ್ಡ ಲಾಭ. ಅದು ಬೇಡುವ ಶ್ರಮ, ಅಂದರೆ ಏರಿಳಿತ ಇಲ್ಲದೆ ಒಂದೇ ಸಮ ತುಳಿಯುವುದು, ಮನೆಯೊಳಗಿನ ಟರ್ಬೊ ಟ್ರೇನರ್ (ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಸಾಧನ) ಮೇಲೆ ಹಾಗೇ ಸಿಗುತ್ತದೆ. ರಾತ್ರಿ ಕರೆ ಮುಗಿಸಿ ರಸ್ತೆಗೆ ಇಳಿಯಬೇಕಿಲ್ಲ. ಚೆರ್ವಿಯಾ ಆಯ್ಕೆ ಆಗಿದ್ದು ಈ ಕಾರಣಕ್ಕೆ.

ಅರ್ಧ ದೂರ ಸಾಲದಾ?

ಯಾರೇ ಆದರೂ ಕೇಳುವ ಪ್ರಶ್ನೆ ಇದು, ಅವರ ಗಂಡನೂ ಕೇಳಿದರು. ಉತ್ತರ ನೇರ ಇಲ್ಲ. ಅವರು ಮೊದಲ ಸಲದವರಾಗಿದ್ದರೆ ಅರ್ಧ ದೂರಕ್ಕಿಂತ ಮೇಲೆ ಮಾತೇ ಎತ್ತುತ್ತಿರಲಿಲ್ಲ. ಅವರಿಗೆ ಅರ್ಧ ದೂರ ಮುಗಿಸುವುದು ಹೊಸದಲ್ಲ. ಇನ್ನೊಂದು ಅರ್ಧ ಅಂದರೆ ಅದನ್ನು ಹಿಂದಿನದಕ್ಕಿಂತ ಬೇಗ ಮುಗಿಸುವ ಗುರಿ. ಬೇಗ ಓಡಬೇಕೆಂದರೆ ತೀವ್ರವಾದ ಇಂಟರ್ವಲ್‌ಗಳು, ಅಂದರೆ ನಡುನಡುವೆ ಬಿಡುವು ಕೊಟ್ಟು ಜೋರಾಗಿ ಮಾಡುವ ತುಂಡು ತರಬೇತಿಗಳು, ಬೇಕು. ನಿದ್ದೆಗೆಟ್ಟ ಮೈಗೆ ಮೊದಲು ಹೊರೆಯಾಗುವುದು ಅವೇ. ಪೂರ್ಣ ದೂರವನ್ನು ಬರೀ ಮುಗಿಸುವ ಗುರಿ ಇದ್ದರೆ ಬಹುಪಾಲು ತರಬೇತಿ ಮಾತಾಡಿಕೊಂಡು ಮಾಡಬಹುದಾದಷ್ಟು ನಿಧಾನ. ವಾರದ ದಿನಗಳ ಗಂಟೆಗಳಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಶನಿವಾರ: ಅಲ್ಲಿ ಮೂರು ಗಂಟೆ, ಇಲ್ಲಿ ಐದೂವರೆ. ಶನಿವಾರಗಳು ಸಿಗುವುದಾದರೆ ಈ ವ್ಯಕ್ತಿಗೆ, ಈ ವರ್ಷಕ್ಕೆ, ಪೂರ್ಣ ದೂರವೇ ಹೆಚ್ಚು ಹೊಂದುತ್ತದೆ ಅನ್ನೋದು ನನ್ನ ಅಭಿಪ್ರಾಯ ಆಗಿತ್ತು. ಇದನ್ನು ಒಪ್ಪದ ಕೋಚ್‌ಗಳು ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ಸ್ಪರ್ಧೆಯ ದಿನ ಮೈಗೆ ಆಗುವ ಪೆಟ್ಟು ಅರ್ಧಕ್ಕೂ ಪೂರ್ಣಕ್ಕೂ ಒಂದೇ ಅಲ್ಲ. ಆ ವಿಷಯ ಮುಂದೆ ಅಕ್ಟೋಬರ್‌ನ ಮಾತಿನಲ್ಲಿ ಬರುತ್ತದೆ.

ಮೂರನೇ ದಾರಿ ಇನ್ನೊಂದಿತ್ತು: ಈ ವರ್ಷ ಏನೂ ಬೇಡ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಗಂಡ ತೆಗೆದುಕೊಂಡಿದ್ದರು. ಮೂವರೂ ಕೂತು ಮಾತಾಡಿದ ದಿನ ಅವರು ಹೆಂಡತಿಗೆ ಹೇಳಿದ್ದು ಹೀಗೆ: "ನೀನು ಹೊರಗೆ ಹೋಗೋದು ನಂಗೆ ತೊಂದ್ರೆ ಇಲ್ಲ ಕಣೇ. ವಾಪಸ್ ಬಂದ್ಮೇಲೂ ನೀನು ಮನೇಲಿ ಇರಲ್ಲ, ಅದೇ ಕಷ್ಟ."

ಸೋಫಾದ ಮೇಲೆ ಒಂದು ಕಾಲು ಮೇಲಿಟ್ಟು, ಫೋನಿನಲ್ಲಿ ಮೇಲ್ ನೋಡುತ್ತಾ, ಮಗಳ ಪ್ರಶ್ನೆಗೆ "ಹೂಂ" ಅನ್ನುವ ಶನಿವಾರ ಸಂಜೆಗಳ ಬಗ್ಗೆ ಆ ಮಾತು. ಹಿಂದಿನ ಸಲ ಅರ್ಧ ದೂರದ ತಯಾರಿಯಲ್ಲೇ ಅದು ಆಗಿತ್ತಂತೆ. ಆಮೇಲೆ ಆದ ಒಪ್ಪಂದ ಇಷ್ಟು. ಶನಿವಾರ ಬೆಳಿಗ್ಗೆ ಐದೂವರೆಗೆ ಹೊರಟು ಹನ್ನೊಂದೂವರೆಯೊಳಗೆ ಮನೆ. ಒಂದು ಗಂಟೆ ಮಲಗುವುದು. ಎರಡರಿಂದ ರಾತ್ರಿಯವರೆಗೆ ಫೋನ್ ಡ್ರಾಯರ್‌ನಲ್ಲಿ. ಹೆಸರು ಕೊಡುವ ಮೊದಲು ಶುಲ್ಕ ವಾಪಸ್ ಸಿಗುವ, ಅಥವಾ ಬೇರೆ ಸ್ಪರ್ಧೆಗೆ ವರ್ಗಾಯಿಸುವ ಕೊನೆಯ ದಿನಾಂಕ ನೋಡಿಕೊಂಡು ಅದನ್ನೂ ಹಾಳೆಯಲ್ಲಿ ಬರೆಯುವುದು. ಆ ದಿನಾಂಕಕ್ಕೆ ಗಂಡ "ಬೇಡ" ಅಂದರೆ ವಾದ ಇಲ್ಲ.

ಕಚೇರಿಯಲ್ಲಿ ಹೇಳಬೇಕಾ, ಬೇಡವಾ? ಪ್ರೊಬೇಷನ್‌ನಲ್ಲಿ ಇರುವವರು ಇಂಥದ್ದನ್ನು ಮುಚ್ಚಿಡುತ್ತಾರೆ. ಅವರೂ ಮೇ ತಿಂಗಳವರೆಗೆ ಬಾಯಿ ಬಿಡಲಿಲ್ಲ. ಏಪ್ರಿಲ್ ಕ್ಲೋಸಿಂಗ್ ಒಂದು ದಿನ ಮುಂಚೆಯೇ ಮುಗಿಸಿ ಕೊಟ್ಟ ಮೇಲೆ ಮೇಲಧಿಕಾರಿಯ ಹತ್ತಿರ ಮಾತಾಡಿದರು. ಸಮಯದ ಆಯ್ಕೆ ಬಹಳ ಸರಿ ಇತ್ತು. ಕೇಳಿದ್ದೂ ಅಷ್ಟೇ ಅಳತೆಯಲ್ಲಿ: ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ರಜೆ, ಜುಲೈ ಮಧ್ಯದಿಂದ ಆಗಸ್ಟ್‌ವರೆಗೆ ಶನಿವಾರ ಮಧ್ಯಾಹ್ನದ ತನಕ ಫೋನ್ ಎತ್ತುವುದಿಲ್ಲ, ತುರ್ತು ಇದ್ದರೆ ತಂಡದಲ್ಲಿ ಇಂಥವರನ್ನು ಕೇಳಿ. "ನನ್ನ ಕನಸು" ಅನ್ನೋ ಮಾತೇ ಬರಲಿಲ್ಲವಂತೆ. ಮೇಲಧಿಕಾರಿ ಒಂದು ಕ್ಷಣ ಯೋಚಿಸಿ, "ಶನಿವಾರ ಸರಿ ಮೇಡಂ, ಕ್ಲೋಸಿಂಗ್ ನಡೀವಾಗ ಮಾತ್ರ ಈ ಮಾತು ಬರಬಾರದು" ಅಂದರಂತೆ. ಬರಲಿಲ್ಲ.

ವಾರದ ದಿನಗಳು

ಯೋಜನೆ ಸರಳ. ಸರಾಸರಿ ಒಂಬತ್ತು ಹತ್ತು ಗಂಟೆ, ಆಗಸ್ಟ್‌ನ ದೊಡ್ಡ ವಾರಗಳಲ್ಲಿ ಹದಿಮೂರರ ಹತ್ತಿರ. ವಾರಕ್ಕೆ ಎರಡು ಈಜು, ಟರ್ಬೊ ಮೇಲೆ ಒಂದೆರಡು, ಮಧ್ಯೆ ಒಂದು ಓಟ, ಶನಿವಾರ ಉದ್ದದ ಸವಾರಿ, ಭಾನುವಾರ ಉದ್ದದ ಓಟ. ಶುಕ್ರವಾರ ಏನೂ ಇಲ್ಲ. ವಾರ ಪೂರ್ತಿ ಹೇಗೇ ನಡೆದಿರಲಿ, ಶನಿವಾರಕ್ಕೆ ಕಾಲು ಹಗುರ ಇರಬೇಕು.

ಬಿಡಬಾರದ್ದು ಮೂರು: ಶನಿವಾರದ ಸವಾರಿ, ಭಾನುವಾರದ ಓಟ, ಒಂದು ಈಜು. ಉಳಿದದ್ದೆಲ್ಲ ಬಿಟ್ಟರೂ ನಡೆಯುತ್ತದೆ. ಬಿಟ್ಟಿದ್ದನ್ನು ಮರುದಿನ ತುಂಬಿಕೊಳ್ಳುವುದು ಮಾತ್ರ ಯಾವತ್ತೂ ಇಲ್ಲ. ತಪ್ಪಿದ ತರಬೇತಿಯನ್ನು ಸಾಲ ಎಂದು ತಿಳಿಯುವವರು ಬುಧವಾರ ತಪ್ಪಿದ್ದನ್ನು ಗುರುವಾರಕ್ಕೆ, ಗುರುವಾರದ್ದನ್ನು ಶುಕ್ರವಾರಕ್ಕೆ ತಳ್ಳಿ, ಶನಿವಾರ ಸುಸ್ತಾಗಿ ನಿಲ್ಲುತ್ತಾರೆ. ಲೆಕ್ಕದವರಿಗೆ ಈ ನಿಯಮ ಒಪ್ಪಿಸುವುದೇ ಕಷ್ಟ ಆಯಿತು. ಬಾಕಿ ಇಟ್ಟುಕೊಂಡು ಮಲಗುವುದು ಅವರ ಸ್ವಭಾವಕ್ಕೇ ವಿರುದ್ಧ.

ತೀವ್ರವಾದ ತರಬೇತಿ ವಾರಕ್ಕೆ ಒಂದೇ, ಅದೂ ಬೆಳಿಗ್ಗೆ. ಇದಕ್ಕೆ ಕಾರಣ ಇದೆ. ಸ್ಯಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರಿಗೆ 90 ನಿಮಿಷ ತಲೆಗೆ ಕೆಲಸ ಕೊಟ್ಟು, ಆಮೇಲೆ ಸೈಕಲ್ ತುಳಿಸಿದರು. ತಲೆ ದಣಿದಿದ್ದಾಗ ಬೇಗ ಕೈಚೆಲ್ಲಿದರು. ವಿಚಿತ್ರ ಏನೆಂದರೆ ಹೃದಯ, ಶ್ವಾಸ ಎಲ್ಲ ಸರಿಯಾಗಿಯೇ ಇತ್ತು. ಅದೇ ಶ್ರಮ ಅವರಿಗೆ ಜಾಸ್ತಿ ಕಷ್ಟ ಅನ್ನಿಸುತ್ತಿತ್ತು, ಅಷ್ಟೇ. ಹತ್ತು ಗಂಟೆ ಲೆಕ್ಕದ ಹಾಳೆ ನೋಡಿದವರಿಗೆ ಸಂಜೆ ಏಳಕ್ಕೆ ಇಂಟರ್ವಲ್ ಕೊಟ್ಟರೆ ಆಗೋದೂ ಇದೇ. ಕಾಲು ಇದೆ, ಮನಸ್ಸು ಬಾಗಿಲು ಹಾಕಿದೆ. ಆದ್ದರಿಂದ ಸಂಜೆ ಸಿಕ್ಕರೆ ಸುಲಭದ್ದು, ಕಷ್ಟದ್ದು ಏನಿದ್ದರೂ ಕಚೇರಿಗೆ ಮುಂಚೆ. ರಾತ್ರಿ ಕರೆ ಹತ್ತು ದಾಟಿದರೆ ಮರುದಿನ ಬೆಳಗಿನ ತರಬೇತಿ ತಾನಾಗೇ ರದ್ದು. ಸತತ ಎರಡು ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ದೆಯಾದರೆ ಆ ವಾರ ತೀವ್ರವಾದದ್ದು ಇಲ್ಲ. ಕೇಳಬೇಕಾಗಿಯೂ ಇಲ್ಲ.

ಒಂದು ಬುಧವಾರ ಅವರು ಕಳಿಸಿದ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಟರ್ಬೊ ಮೇಲೆ ಸೈಕಲ್, ಹ್ಯಾಂಡಲ್ ಮುಂದೆ ಇಸ್ತ್ರಿ ಮೇಜು, ಅದರ ಮೇಲೆ ಲ್ಯಾಪ್‌ಟಾಪ್, ಪರದೆಯಲ್ಲಿ ಹನ್ನೊಂದು ಜನರ ಮೀಟಿಂಗ್. ಕ್ಯಾಮೆರಾ ಆಫ್, ಮೈಕ್ ಮ್ಯೂಟ್. "ಕೇಳಿಸಿಕೊಳ್ಳೋ ಮೀಟಿಂಗ್ ಸರ್, ಮಾತಾಡೋದಿರಲಿಲ್ಲ" ಎಂದು ಕೆಳಗೆ ಬರೆದಿದ್ದರು. ಜಾಣತನದ ಉಪಾಯದ ಹಾಗೆ ಕಾಣುತ್ತದೆ. ಆ ದಿನದ ತರಬೇತಿಯ ದಾಖಲೆ ತೆಗೆದು ನೋಡಿದರೆ ಹಾರ್ಟ್‌ರೇಟ್ ಎಂದಿಗಿಂತ ಹತ್ತು ಬಡಿತ ಮೇಲಿತ್ತು, ತುಳಿತದ ಶಕ್ತಿ ಕೆಳಗಿತ್ತು. ಯಾರೋ ನಡುವೆ ಅವರ ಹೆಸರು ಕರೆದಿದ್ದರಂತೆ. ಮೀಟಿಂಗೂ ಕೆಟ್ಟಿತು, ಸೈಕಲ್ಲೂ ಕೆಟ್ಟಿತು. ಎರಡನ್ನೂ ಒಟ್ಟಿಗೆ ಮಾಡುವುದು ಅಲ್ಲಿಗೆ ನಿಂತಿತು.

ಜುಲೈ

ಕ್ಲೋಸಿಂಗ್ ಹದಿನೈದಕ್ಕೆ ಮುಗಿಯಬೇಕಿತ್ತು. ಒಂದು ಅಂಗಸಂಸ್ಥೆಯ ದಾಸ್ತಾನು ಲೆಕ್ಕ ತಾಳೆ ಆಗದೆ ಇನ್ನೂ ಒಂದು ವಾರ ಎಳೆಯಿತು. ಆರು ಶನಿವಾರದಲ್ಲಿ ಒಂದು ಹೋಯಿತು. ಮೊದಲೇ ಮಾತಾಗಿದ್ದ ಪ್ರಕಾರ ಐದಕ್ಕೆ ಇಳಿದರೆ ಮುಂದುವರಿಯುವುದು, ನಾಲ್ಕಾದರೆ ಬೇರೆ ಸ್ಪರ್ಧೆಗೆ ಹೆಸರು ವರ್ಗಾಯಿಸಿಕೊಳ್ಳುವುದು. ಹಾಗಾಗಿ ಆ ವಾರ ಯಾವ ಚರ್ಚೆಯೂ ನಡೆಯಲಿಲ್ಲ. ಒತ್ತಡದ ನಡುವೆ ತೆಗೆದುಕೊಳ್ಳಬೇಕಾದ ತೀರ್ಮಾನವನ್ನು ಮಾರ್ಚ್‌ನಲ್ಲೇ ತೆಗೆದುಕೊಂಡು ಇಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು.

ಕತ್ತರಿ ಬಿದ್ದದ್ದು ಭಾನುವಾರದ ಓಟಕ್ಕೆ. ಎರಡೂವರೆ ಗಂಟೆಯವರೆಗೆ ಹೋಗಬೇಕಾದದ್ದನ್ನು ಎರಡಕ್ಕೆ ನಿಲ್ಲಿಸಿದೆ. ಕೇಳಿದವರಿಗೆ ಆಶ್ಚರ್ಯ ಆಗಬಹುದು, ಕೊನೆಗೆ ಓಡಬೇಕಾದದ್ದು 42 ಕಿ.ಮೀ. ತಾನೇ? ಉದ್ದದ ಓಟದ ಲಾಭ ಇದೆ, ಆದರೆ ಅದರಿಂದ ಚೇತರಿಸಿಕೊಳ್ಳಲು ಮೈ ತೆಗೆದುಕೊಳ್ಳುವ ದಿನಗಳೂ ಜಾಸ್ತಿ. ಸೋಮವಾರ ಕಚೇರಿಯಲ್ಲಿ ಮೆಟ್ಟಿಲು ಇಳಿಯಲು ಆಗದಿದ್ದರೆ ಮಂಗಳವಾರದ ಟರ್ಬೊ ಹೋಯಿತು. ಪೂರ್ಣ ದೂರದ ಓಟ ಕೆಡುವುದೂ ಬಹಳ ಸಲ ಸೈಕಲ್ ಮೇಲೆಯೇ. ಹೆಚ್ಚು ಜೋರಾಗಿ ತುಳಿದೋ, ಕಡಿಮೆ ತಿಂದೋ ಬಂದವರು ಓಟದಲ್ಲಿ ನಡೆಯುತ್ತಾರೆ.

ಆಗಸ್ಟ್ ಮೂರನೇ ಶನಿವಾರ ಪರೀಕ್ಷೆ ಇಟ್ಟಿದ್ದೆವು. ಐದು ಗಂಟೆ ಸ್ಪರ್ಧೆಯ ದಿನದ ವೇಗದಲ್ಲಿ ಸವಾರಿ, ಇಳಿದ ತಕ್ಷಣ ಮುಕ್ಕಾಲು ಗಂಟೆ ಓಟ. ಇದಕ್ಕೆ ಬ್ರಿಕ್ ಅನ್ನುತ್ತಾರೆ. ನೋಡುವುದು ಒಂದು ಸಂಗತಿ: ಒಂದೇ ಶಕ್ತಿಯಲ್ಲಿ ತುಳಿಯುತ್ತಿದ್ದರೂ ಎರಡನೇ ಅರ್ಧದಲ್ಲಿ ಹಾರ್ಟ್‌ರೇಟ್ ಎಷ್ಟು ಏರುತ್ತದೆ. ಏರಿಕೆ ಸುಮಾರು ಶೇ 5ರೊಳಗೆ ಇದ್ದರೆ ಆ ಶ್ರಮಕ್ಕೆ ಮೈ ಒಗ್ಗಿದೆ ಎಂದು ಕೋಚ್‌ಗಳು ತಿಳಿಯುತ್ತಾರೆ. ಅವರದ್ದು ಅದರೊಳಗೇ ಇತ್ತು. ಆದರೆ ಓಟದ ಕೊನೆಗೆ ಹೊಟ್ಟೆ ಕಟ್ಟಿಕೊಂಡ ಹಾಗೆ ಅನ್ನಿಸಿತು ಎಂದರು.

ಅದು ತಿನ್ನುವ ಲೆಕ್ಕ. ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುವ ಸಕ್ಕರೆ ಕೆಲವು ನೂರು ಗ್ರಾಂ, ಹದಿಮೂರು ಗಂಟೆಗೆ ಎಲ್ಲಿಗೂ ಸಾಲದು. ದಾರಿಯಲ್ಲೇ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ಬರೀ ಗ್ಲೂಕೋಸ್ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂವರೆಗೆ ಹೀರಿಕೊಳ್ಳುತ್ತದೆ. ಫ್ರಕ್ಟೋಸ್ ಬೇರೆ ದಾರಿಯಿಂದ ಒಳಗೆ ಹೋಗುವುದರಿಂದ ಅದನ್ನು ಸೇರಿಸಿದಾಗ ಮಾತ್ರ ಮೇಲಕ್ಕೆ ಹೋಗಬಹುದು. ಕಾಲಿನ ಹಾಗೆ ಹೊಟ್ಟೆಗೂ ಅಭ್ಯಾಸ ಬೇಕು, ಅದಕ್ಕೂ ಉದ್ದದ ಶನಿವಾರಗಳೇ ಬೇಕು. ಕಳೆದುಹೋದ ಆ ಒಂದು ಶನಿವಾರದ ನಷ್ಟ ಕಾಲಿಗಿಂತ ಹೊಟ್ಟೆಗೇ ಹೆಚ್ಚು ಆಗಿತ್ತು. ಗಂಟೆಗೆ 80 ಗ್ರಾಂ ಎಂದಿದ್ದ ಗುರಿಯನ್ನು 65ಕ್ಕೆ ಇಳಿಸಿ, ಸೈಕಲ್ ವೇಗವನ್ನೂ ಸ್ವಲ್ಪ ಇಳಿಸಿದೆವು.

ಆಗಸ್ಟ್‌ನಲ್ಲೇ ಪ್ರೊಬೇಷನ್ ಮುಗಿದು ಕೆಲಸ ಕಾಯಂ ಆಯಿತು. ಸಂದೇಶದಲ್ಲಿ ಬರೆದಿದ್ದು ಎರಡೇ ಪದ: "ಕಾಯಂ ಸರ್." ಆ ವಾರ ನಿದ್ದೆಯ ಗಂಟೆಗಳು ಒಂದೇ ಸಲ ಏರಿದವು. ಯಾವ ತರಬೇತಿ ಬದಲಾವಣೆಯೂ ಅಷ್ಟು ಫಲ ಕೊಟ್ಟಿರಲಿಲ್ಲ.

ಸ್ಪರ್ಧೆ, ಆಮೇಲೆ ಅಕ್ಟೋಬರ್

ಈಜಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅಂದುಕೊಂಡ ಸಮಯಕ್ಕೆ ಮುಗಿಯಿತು. ಸೈಕಲ್‌ನಲ್ಲಿ ಮೊದಲ ಎರಡು ಗಂಟೆ ಜನ ಸರಸರ ದಾಟಿ ಹೋಗುತ್ತಿದ್ದರಂತೆ. ತಡೆದುಕೊಂಡರು. ಅದೇ ಆ ದಿನದ ಅತಿ ಕಷ್ಟದ ಕೆಲಸ ಎಂದು ನನ್ನ ನಂಬಿಕೆ. ಓಟದಲ್ಲಿ ಮೂವತ್ತು ಕಿ.ಮೀ. ಹತ್ತಿರ ಜೆಲ್ (ಸಕ್ಕರೆಯ ಗಟ್ಟಿ ಪಾಕ) ಬಾಯಿಗೆ ಇಟ್ಟರೆ ಒಳಗೆ ಇಳಿಯದಾಯಿತು. ಅಲ್ಲಿಂದ ಕೋಲಾ ಮತ್ತು ನೀರು, ನೀರಿನ ಪ್ರತಿ ಕೇಂದ್ರದಲ್ಲಿ ನಡಿಗೆ, ನಡುವೆ ಓಟ. ಹದಿನಾಲ್ಕು ಗಂಟೆಗೆ ಕೆಲವೇ ನಿಮಿಷ ಇರುವಾಗ ಮುಗಿಸಿದರು. ಕಟ್‌ಆಫ್‌ಗೆ ಇನ್ನೂ ಬೇಕಾದಷ್ಟು ಸಮಯ ಇತ್ತು.

ಸೆಪ್ಟೆಂಬರ್ ಮೂರನೇ ವಾರವನ್ನು ಆರಿಸಿಕೊಂಡದ್ದಕ್ಕೆ ಕಟ್ಟಬೇಕಾದ ಬೆಲೆ ಆಮೇಲೆ ಬಂತು. ಸ್ಪರ್ಧೆ ಮುಗಿದು ಹತ್ತು ಹನ್ನೆರಡು ದಿನಕ್ಕೆ ಅಕ್ಟೋಬರ್ ಒಂದು. ಕ್ಲೋಸಿಂಗ್. ಪೂರ್ಣ ದೂರದ ಆಯಾಸ ಅಷ್ಟರಲ್ಲಿ ಹೋಗುವುದಿಲ್ಲ. ಕಾಲು ನೋವು ವಾರದಲ್ಲಿ ಇಳಿಯುತ್ತದೆ, ಮಂಕು ತಿಂಗಳಿಗೂ ಹೆಚ್ಚು ಇರಬಹುದು. ಇದು ಮಾರ್ಚ್‌ನಲ್ಲೇ ಹಾಳೆಯಲ್ಲಿ ಬರೆದಿಟ್ಟದ್ದು, ಗೊತ್ತಿದ್ದೇ ಒಪ್ಪಿಕೊಂಡದ್ದು. ಆದರೂ ಅನುಭವಿಸುವಾಗ ಬೇರೆ. ಮೂರು ಸಲ ನೋಡಿದರೂ ಒಂದು ಸಾಲಿನ ತಪ್ಪು ಕಣ್ಣಿಗೆ ಬೀಳಲಿಲ್ಲ, ತಂಡದ ಕಿರಿಯರೊಬ್ಬರು ಹಿಡಿದು ತೋರಿಸಿದರು ಎಂದು ಹೇಳಿಕೊಂಡರು. ಆ ಎರಡು ವಾರ ಅವರು ಓಡಲಿಲ್ಲ, ಈಜಲಿಲ್ಲ. ಮಧ್ಯಾಹ್ನ ಊಟದ ನಂತರ ಕಚೇರಿಯ ಸುತ್ತ ಹತ್ತು ನಿಮಿಷ ನಡೆದರು, ಅಷ್ಟೇ.

ಇನ್ನೊಬ್ಬರು ಇದೇ ಪ್ರಶ್ನೆ ತಂದರೆ ನಾನು ಹಾಳೆಗೆ ಒಂದು ಕಾಲಂ ಸೇರಿಸುತ್ತೇನೆ: ಸ್ಪರ್ಧೆಯ ನಂತರದ ನಾಲ್ಕು ವಾರ. ಆ ದೃಷ್ಟಿಯಿಂದ ನೋಡಿದರೆ ಲೆಕ್ಕಪತ್ರದವರಿಗೆ ಪೂರ್ತಿ ಸರಿಹೊಂದುವ ಪೂರ್ಣ ದೂರದ ಸ್ಪರ್ಧೆಯೇ ಇಲ್ಲ. ಹದಿಮೂರು ವಾರಕ್ಕೊಮ್ಮೆ ಕ್ಲೋಸಿಂಗ್ ಬರುವಾಗ ಎರಡು ವಾರ ಅದಕ್ಕೆ, ಏಳು ವಾರ ತಯಾರಿಗೆ, ಮೂರು ವಾರ ಟೇಪರ್‌ಗೆ ಹೋದರೆ ಚೇತರಿಕೆಗೆ ಉಳಿಯುವುದು ಒಂದೇ ವಾರ. ಯಾವುದಾದರೂ ಒಂದು ಕಡೆ ಕೊಯ್ಯಲೇಬೇಕು. ಅವರು ಕೊಯ್ದದ್ದು ಅಕ್ಟೋಬರ್‌ನಲ್ಲಿ, ಕೆಲಸ ಕಾಯಂ ಆದ ಮೇಲೆ. ಅದೇ ಪೆಟ್ಟು ಏಪ್ರಿಲ್‌ನಲ್ಲಿ ಬಿದ್ದಿದ್ದರೆ ಕಥೆ ಬೇರೆ ಇರುತ್ತಿತ್ತು.

ಮುಂದಿನ ವರ್ಷಕ್ಕೆ ಅವರು ಮೇ ಕೊನೆಯ ಒಂದು ಅರ್ಧ ದೂರಕ್ಕೆ ಹೆಸರು ಕೊಟ್ಟಿದ್ದಾರೆ, ಈ ಸಲ ವೇಗದ ಗುರಿ. ಆಡಿಟ್ ಇರುವ ಫೆಬ್ರವರಿ, ಮಾರ್ಚ್‌ನಲ್ಲಿ ಇಂಟರ್ವಲ್‌ಗಳು ಎಷ್ಟು ಸಾಧ್ಯ ಎಂದು ಕೇಳಿದ್ದಕ್ಕೆ ಹೊಸ ಹಾಳೆ ಕಳಿಸಿದರು. ಅದರಲ್ಲಿ ಎಂಟು ವಾರ ಕೆಂಪು. ಅವರ ಗಂಡನೂ ಈಗ ಅದನ್ನು ತಿದ್ದಬಹುದಂತೆ.